ದಾರ ಕಡಿಯುವ ಜಾಗ

29 ಏಪ್ರಿಲ್

ಅಮ್ಮಾ,

ನಿನ್ನ ಫೋನು ಇನ್ನೂ ಆಫ್ ಇದೆ. ಕೆಳಗಿನ ಔಷಧಿ ಅಂಗಡಿಯವರಿಗೆ ಮಾಡಿ ಕೇಳಿದೆ. “ಅಮ್ಮ ಇದಾರೆ, ಹೊಲಿಗೆ ಮಿಷನ್ ಸದ್ದು ಕೇಳ್ತಾ ಇದೆ. ಪೇಪರಿನವರ ಕಾಟ ತಡೀಲಾರದೆ ಫೋನನ್ನ ಗುಂಡಿ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿಬಿಟ್ಟಿದಾರೆ” ಅಂದರು. ಅದಕ್ಕೇ ಕಾಗದ. ಕೈಯಲ್ಲಿ ಕಾಗದ ಬರೆದು ಎಷ್ಟು ವರ್ಷವಾಯಿತೋ, ಎರಡು ಹಾಳೆ ಹರಿದು ಹಾಕಿದ ಮೇಲೆ ಇದು ಮೂರನೆಯದು.

ರೈಲಿನ ಸಮೇತ ಸೇತುವೆ ಬಿದ್ದು ಆರೂವರೆ ವಾರವಾಯಿತು. ನದಿಯ ದಡದಲ್ಲಿ ನಾವಿಬ್ಬರೂ ಒಂಬತ್ತು ದಿನ ಒಂದೇ ಬೆಂಚಿನ ಮೇಲೆ ಕೂತಿದ್ದೆವು. ‘ಚಹಾ ಬೇಕಾ’, ‘ಬೇಡ’ ಬಿಟ್ಟರೆ ಬೇರೆ ಮಾತು ಆಡಿದ ನೆನಪು ನನಗಿಲ್ಲ. ಆ ರೈಲಿನಲ್ಲಿದ್ದ ಇನ್ನೂರ ಎಂಬತ್ತಾರು ಜನರ ದೇಹ ಸಿಕ್ಕಿತು, ಮೂವತ್ತೊಂದು ಜನ ಸಿಗಲೇ ಇಲ್ಲ. ಆ ಮೂವತ್ತೊಂದರಲ್ಲಿ ನಮ್ಮ ಕುಳ್ಳ ಒಬ್ಬ. ಹತ್ತನೆಯ ದಿನ ನೀನೊಂದು ಬಸ್ಸು ಹತ್ತಿದೆ, ನಾನೊಂದು ಬಸ್ಸು ಹತ್ತಿದೆ.

ಶಾಲೆ ಶುರುವಾಗಿದೆ. ವಾರ್ಷಿಕೋತ್ಸವ ರದ್ದಾಯಿತು. ನನ್ನ ಹಾಡಿನ ತಂಡದ ಮಕ್ಕಳು ಸಂಗೀತದ ಕೋಣೆಗೆ ಬಂದು ಸುಮ್ಮನೆ ಕೂರುತ್ತಿದ್ದರು. ವಾರ್ಷಿಕೋತ್ಸವಕ್ಕೆ ನೀನು ಹೊಲಿದ ಅವರ ಅಂಗಿಗಳನ್ನೇ ಟೀಚರ ತಮ್ಮ ಆ ರೈಲಿನಲ್ಲಿ ತರುತ್ತಿದ್ದ ಎಂದು ಯಾರೋ ಹೇಳಿಬಿಟ್ಟಿದ್ದಾರೆ. ನನ್ನ ಮುಖ ನೋಡಲು ಹೆದರುತ್ತಿದ್ದರು. ಒಂದು ದಿನ ಏನು ಪಾಠ ಮಾಡಬೇಕೆಂದು ತೋಚದೆ ಪಿಯಾನೋ ಮುಂದೆ ಕೂತು ನಿನ್ನ ಹಾಡು ಹೇಳಿದೆ. ನೀನು ಮಿಷನ್ ತುಳಿಯುತ್ತಾ ಹೇಳುತ್ತಿದ್ದೆಯಲ್ಲ, ಅದು. ಎರಡೇ ದಿನದಲ್ಲಿ ಮಕ್ಕಳು ಕಲಿತರು. ಆ ಶನಿವಾರ ರೈಲು ನಿಲ್ದಾಣದ ಮೆಟ್ಟಿಲ ಮೇಲೆ, ಹೂಗುಚ್ಛಗಳನ್ನು ಇಡುವ ಜಾಗದಲ್ಲಿ, ಮೂವತ್ತೆರಡು ಮಕ್ಕಳೂ ಮನೆಯ ಬಟ್ಟೆಯಲ್ಲೇ ನಿಂತು ಹಾಡಿದರು.

ಯಾರೋ ಪೋಷಕರು ಅದನ್ನು ಫೋನಿನಲ್ಲಿ ಹಿಡಿದಿದ್ದರು. ಈಗ ರೇಡಿಯೋದಲ್ಲಿ ದಿನಾ ಬರುತ್ತಿದೆಯಂತೆ. ನಿನಗೆ ಮೊದಲೇ ಹೇಳಬೇಕಿತ್ತು.

ಊಟ ಸರಿಯಾಗಿ ಮಾಡು.

ನಿನ್ನ ಮಗಳು


11 ಮೇ

ಟೀಚರಮ್ಮನವರಿಗೆ,

ತಮ್ಮ ಕಾಗದ ತಲುಪಿತು. ಅದಕ್ಕೆ ಎಂಟು ದಿನ ಮೊದಲೇ ತಮ್ಮ ಹಾಡೂ ತಲುಪಿತ್ತು, ನೆಲದ ಸಂದಿಯಿಂದ. ಔಷಧಿ ಅಂಗಡಿಯವನು ಶಟರ್ ಪೂರ್ತಿ ಎತ್ತುವ ಮುಂಚೆಯೇ ರೇಡಿಯೋ ಹಾಕುತ್ತಾನೆ. ಕೆಮ್ಮಿನ ಔಷಧಿ ಕಟ್ಟಿಕೊಡುತ್ತಾ ನನ್ನ ಹಾಡನ್ನು ಗುನುಗುತ್ತಾನೆ, ಅದೂ ಶ್ರುತಿ ತಪ್ಪಿ. ಎದುರು ಮನೆಯ ಹೆಂಗಸು ಬಟ್ಟೆ ಒಣಹಾಕುತ್ತಾ ಅದನ್ನೇ ಹೇಳುತ್ತಾಳೆ. ಬಸ್ಸಿನ ಡ್ರೈವರೂ ಅದನ್ನೇ. ನನ್ನ ಮನೆಯ ಹಾಡನ್ನು ನನಗೇ ಕೇಳಿಸುವುದಕ್ಕೆ ಇಡೀ ದೇಶ ಟೊಂಕ ಕಟ್ಟಿ ನಿಂತಿದೆ.

ಅದು ಯಾರ ಹಾಡು ಎಂದು ನಿನಗೆ ಗೊತ್ತಿಲ್ಲವೇ? ಕುಳ್ಳ ಚಿಕ್ಕವನಿದ್ದಾಗ ಸಂಜೆಯಾದರೂ ಆಟ ಬಿಟ್ಟು ಒಳಗೆ ಬರುತ್ತಿರಲಿಲ್ಲ. ಕಿಟಕಿಯಿಂದ ಕೂಗಿ ಕೂಗಿ ನನ್ನ ಗಂಟಲು ಬಿದ್ದುಹೋಗುತ್ತಿತ್ತು. ಒಂದು ದಿನ ಸುಮ್ಮನೆ ಬಾಯಿಗೆ ಬಂದ ಹಾಗೆ ಹಾಡಿದೆ. ಗೆಳೆಯರ ಮುಂದೆ ಮಾನ ಹೋಯಿತೆಂದು ಓಡಿ ಬಂದ.

ಕಿಟಕಿ ಮುಚ್ಚಿಲ್ಲ, ಗಾಳಿ ಬರಲಿ ಒಳಗೆ
ಬಾಗಿಲು ಹಾಕಿಲ್ಲ, ನೀನಿರುವೆ ಹೊರಗೆ
ಎಲ್ಲಿದ್ದರೂ ಬಾ, ಹೊತ್ತಾದರೂ ಬಾ
ಹಾಸಿಗೆ ಹಾಸಿದೆ ನಿನಗೆ

ಇದು ಮನೆಗೆ ಕರೆಯುವ ಹಾಡು. ಸತ್ತವರ ಮುಂದೆ ಹೇಳುವ ಹಾಡಲ್ಲ. ನನ್ನ ಮಗ ಸತ್ತಿದ್ದಾನೆಂದು ನನಗೆ ಯಾರೂ ತೋರಿಸಿಲ್ಲ. ಸಿಕ್ಕಿಲ್ಲ ಎಂದಷ್ಟೇ ಹೇಳಿದ್ದಾರೆ.

ಇನ್ನೊಂದು ಮಾತು. ಮೂರನೇ ಸಾಲು ಮುಗಿದ ಮೇಲೆ ನಿನ್ನ ಮಕ್ಕಳು ಉಸಿರು ಬಿಗಿಹಿಡಿದು ನಿಂತುಬಿಡುತ್ತಾರಲ್ಲ, ಅದೇನು ವೇಷ? ರೇಡಿಯೋದಲ್ಲಿ ಒಬ್ಬ ಪಂಡಿತ ಆ ಮೌನದ ಬಗ್ಗೆ ಹತ್ತು ನಿಮಿಷ ಮಾತಾಡಿದ. ಆಗಲಿಕೆಯಂತೆ, ಆಳವಂತೆ. ನಾನು ಅಲ್ಲಿ ಬಾಯಲ್ಲಿ ದಾರ ಕಡಿಯುತ್ತಿದ್ದೆ, ತಾಯಿ! ಒಂದು ಕಾಲರ್ ಸುತ್ತಿ ಬರುವುದಕ್ಕೆ ಮೂರು ಸಾಲು ಹಿಡಿಯುತ್ತದೆ. ಮೂರನೆಯ ಸಾಲಿಗೆ ಕಾಲರಿನ ತುದಿ ಬರುತ್ತದೆ, ದಾರ ಕಡಿಯಬೇಕು. ಬಾಯಲ್ಲಿ ದಾರ ಇದ್ದರೆ ಹಾಡುವುದು ಹೇಗೆ? ಅಷ್ಟೇ ಅದರ ಆಳ.

ಹಾಡನ್ನು ನಿಲ್ಲಿಸಲು ಹೇಳು.

ಇಂತಿ,
ಟೈಲರ್


20 ಮೇ

ಅಮ್ಮಾ,

ನಿನ್ನ ಕಾಗದ ಓದಿ ನಕ್ಕೆ. ಆಮೇಲೆ ಅಳು ಬಂತು. ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಎದ್ದು ಸಂಗೀತದ ಕೋಣೆಗೆ ಬಂದೆ.

ದಾರದ ವಿಷಯ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ನೀನು ಹೊಲಿಯುವಾಗ ನಾನೆಲ್ಲಿರುತ್ತಿದ್ದೆ ಹೇಳು? ಮಿಷನ್ನಿನ ಕೆಳಗೆ. ಬಿದ್ದ ಬಟ್ಟೆ ಚೂರುಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುವುದು ನನ್ನ ಕೆಲಸ. ನನಗೆ ನಿನ್ನ ಕಾಲು ಕಾಣುತ್ತಿತ್ತು, ಪೆಡಲ್ ಕಾಣುತ್ತಿತ್ತು, ನಿನ್ನ ಬಾಯಿ ಯಾವತ್ತೂ ಕಾಣುತ್ತಿರಲಿಲ್ಲ. ಮೂರು ಸಾಲು ಹಾಡು, ಆಮೇಲೆ ಪೆಡಲ್ ನಿಲ್ಲುತ್ತದೆ, ಎಲ್ಲ ಸುಮ್ಮನಾಗುತ್ತದೆ, ಆಮೇಲೆ ‘ಹಾಸಿಗೆ ಹಾಸಿದೆ’. ನನ್ನ ಪಾಲಿಗೆ ಹಾಡು ಅಂದರೆ ಹಾಗೆಯೇ ಇತ್ತು. ಆ ಸುಮ್ಮನಿರುವ ಹೊತ್ತಿನಲ್ಲಿ ನೀನು ಕುಳ್ಳನ ಹೆಜ್ಜೆ ಸದ್ದಿಗೆ ಕಿವಿ ಕೊಡುತ್ತಿದ್ದೀಯ ಅಂದುಕೊಂಡಿದ್ದೆ. ಸಂಗೀತ ಕಲಿತು ಟೀಚರಾದರೂ ಆ ಜಾಗವನ್ನು ತಿದ್ದಬೇಕು ಅನ್ನಿಸಲೇ ಇಲ್ಲ.

ನಿಲ್ಲಿಸು ಎಂದೆ. ಹೇಗೆ ನಿಲ್ಲಿಸಲಿ? ಅದು ಈಗ ನನ್ನ ಕೈಯಲ್ಲಿಲ್ಲ. ಮೊನ್ನೆ ಬ್ಯಾಂಕಿನ ಸಾಲಿನಲ್ಲಿ ನನ್ನ ಮುಂದೆ ನಿಂತವಳು ಗುನುಗುತ್ತಿದ್ದಳು. ಆ ಜಾಗ ಬಂದಾಗ ಅವಳೂ ನಿಲ್ಲಿಸಿದಳು.

ನಿನ್ನನ್ನು ಕೇಳದೆ ಹಾಡಿಸಿದ್ದು ತಪ್ಪು. ಆದರೆ ಕೇಳುವುದಕ್ಕೆ ನೀನು ಎಲ್ಲಿದ್ದೆ, ಅಮ್ಮ? ಗುಂಡಿ ಡಬ್ಬಿಯಲ್ಲಿ.

ಮಗಳು


2 ಜೂನ್

ಟೀಚರಮ್ಮ,

ಪರಿಹಾರ ಕಚೇರಿಯಿಂದ ಒಂದು ನಮೂನೆ ಬಂದಿದೆ. ನದಿಯ ದಡದಲ್ಲಿ ಕಲ್ಲು ನಿಲ್ಲಿಸುತ್ತಾರಂತೆ, ಹೆಸರು ಕೆತ್ತುತ್ತಾರಂತೆ. ಸಿಗದೇ ಹೋದವರ ಮನೆಯವರು ಮೊದಲು ಸಹಿ ಮಾಡಬೇಕು. ‘ಮೇಲೆ ಹೇಳಿದ ವ್ಯಕ್ತಿಯು ಮೃತಪಟ್ಟಿರುತ್ತಾರೆಂದು ಒಪ್ಪಿರುತ್ತೇನೆ.’

ಮೇಲೆ ಹೇಳಿದ ವ್ಯಕ್ತಿ! ಹದಿನೈದು ವರ್ಷದವರೆಗೆ ಕುಳ್ಳನಾಗಿದ್ದು, ಆಮೇಲೆ ಎರಡೇ ವರ್ಷದಲ್ಲಿ ಆರಡಿ ಒಂದಿಂಚು ಬೆಳೆದು, ನನ್ನ ಕೈಯಲ್ಲಿ ಏಳು ಸಲ ಪ್ಯಾಂಟು ಬಿಚ್ಚಿಸಿ ಉದ್ದ ಮಾಡಿಸಿದವನು.

ನಮೂನೆಯ ಬೆನ್ನಿನಲ್ಲಿ ಕಾಲರಿನ ಅಚ್ಚು ಬರೆದು ಕತ್ತರಿಸಿದ್ದೇನೆ. ಕಾಗದ ದಪ್ಪವಾಗಿತ್ತು, ಅಚ್ಚು ಚೆನ್ನಾಗಿ ಬಂತು.

ಹಾಡಿನ ಸುದ್ದಿ ಬರೆಯಬೇಡ.

ಟೈಲರ್


15 ಜುಲೈ

ಅಮ್ಮಾ,

ಇದು ಮೂರನೆಯ ಕಾಗದ. ಹಿಂದಿನ ಎರಡಕ್ಕೂ ನೀನು ಉತ್ತರ ಬರೆದಿಲ್ಲ. ಹಾಡಿನ ಸುದ್ದಿ ಬೇಡವೆಂದಿದ್ದೆ, ಅದಕ್ಕೇ ಅವುಗಳಲ್ಲಿ ಹವೆಯ ಬಗ್ಗೆ, ಶಾಲೆಯ ಸೋರುವ ನಲ್ಲಿಯ ಬಗ್ಗೆ ಬರೆದಿದ್ದೆ. ಓದಿ ನನಗೇ ಬೇಸರವಾಗಿತ್ತು. ಇವತ್ತು ನಿನ್ನ ಮಾತು ಮೀರುತ್ತೇನೆ. ಬೈಯುವುದಕ್ಕಾದರೂ ಬರೆ.

ಕಳೆದ ಭಾನುವಾರ ಇಲ್ಲಿಯ ಪುರಭವನದಲ್ಲಿ, ಮನೆಯವರನ್ನು ಕಳೆದುಕೊಂಡವರೆಲ್ಲ ಸೇರಿದ್ದೆವು. ಅರವತ್ತು ಕುರ್ಚಿ, ಇಪ್ಪತ್ತಾರು ಜನ. ಯಾರೂ ಪಕ್ಕಪಕ್ಕ ಕೂರಲಿಲ್ಲ, ಪ್ರತಿಯೊಬ್ಬರೂ ಒಂದು ಖಾಲಿ ಕುರ್ಚಿ ಬಿಟ್ಟು ಕೂತರು. ಮಾತಾಡಿ ಎಂದು ಆಪ್ತಸಮಾಲೋಚಕಿ ಹೇಳಿದರು. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ, ಆ ಹಾಡನ್ನಾದರೂ ಹೇಳೋಣ ಎಂದರು. ಎಲ್ಲರೂ ಮೆಲ್ಲಗೆ ಶುರು ಮಾಡಿದೆವು.

ಮೂರನೆಯ ಸಾಲು ಮುಗಿಯಿತು. ನೀನು ದಾರ ಕಡಿಯುವ ಜಾಗ ಬಂತು. ಎಲ್ಲರೂ ಸುಮ್ಮನಾದೆವು. ಆಗ ಹಿಂದಿನಿಂದ ಒಬ್ಬರು ಗಟ್ಟಿಯಾಗಿ ಒಂದು ಹೆಣ್ಣಿನ ಹೆಸರು ಹೇಳಿದರು.

ತಿರುಗಿ ನೋಡಿದೆ. ವಯಸ್ಸಾದವರು, ಗಡಿಯಾರ ರಿಪೇರಿ ಮಾಡುವವರಂತೆ. ಕಣ್ಣಿಗೆ ಇಟ್ಟುಕೊಳ್ಳುವ ಭೂತಗನ್ನಡಿ ಅಂಗಿಯ ಜೇಬಿನಿಂದ ಇಣುಕುತ್ತಿತ್ತು. ಎಲ್ಲರೂ ತಮ್ಮನ್ನೇ ನೋಡುತ್ತಿರುವುದನ್ನು ಕಂಡು ಅವರಿಗೆ ಗಾಬರಿಯಾಯಿತು. “ಅಲ್ಲಿ ಹೆಸರು ಹೇಳೋದಲ್ವಾ? ಅದಕ್ಕೇ ಅಲ್ವಾ ಜಾಗ ಬಿಟ್ಟಿರೋದು? ನಾನು ಅಂಗಡೀಲಿ ದಿನಾ ಹಂಗೇ ಹೇಳ್ಕೊತೀನಿ. ಎಲ್ಲಿದ್ದರೂ ಬಾ, ಹೊತ್ತಾದರೂ ಬಾ ಅಂದ್ಮೇಲೆ ಯಾರು ಬರಬೇಕು ಅಂತ ಹೇಳ್ಬೇಡ್ವಾ?” ಅಂದರು.

ನಾನು ದಾರದ ಕಥೆ ಹೇಳಲಿಲ್ಲ, ಅಮ್ಮ. ಮತ್ತೆ ಮೊದಲಿನಿಂದ ಹಾಡಿದೆವು. ಈ ಸಲ ಆ ಜಾಗದಲ್ಲಿ ಇಪ್ಪತ್ತೈದು ಜನ ಇಪ್ಪತ್ತೈದು ಹೆಸರು ಹೇಳಿದರು. ಹೊರಗೆ ಬರುವಾಗ ಎಷ್ಟೋ ಜನ ಒಬ್ಬರನ್ನೊಬ್ಬರು ಕೇಳುತ್ತಿದ್ದರು, ನೀವು ಹೇಳಿದ್ದು ಯಾರ ಹೆಸರು, ಅವರು ಏನು ಮಾಡಿಕೊಂಡಿದ್ದರು, ಯಾವ ಬೋಗಿ. ನಾಲ್ಕು ತಿಂಗಳಲ್ಲಿ ಮೊದಲ ಸಲ.

ಹೇಳದೆ ಉಳಿದವಳು ನಾನೊಬ್ಬಳು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಬಸ್ಸಿಗೆ ಕಾಯದೆ ಮನೆಯವರೆಗೂ ನಡೆದುಕೊಂಡೇ ಹೋದೆ.

ನಿನ್ನ ಮಗಳು


3 ಸೆಪ್ಟೆಂಬರ್

ಮಗಳೇ,

ಗಂಟು ಬಂದಿದೆ.

ಸೇತುವೆಯಿಂದ ಬಹಳ ಕೆಳಗೆ ಮರಳು ತೆಗೆಯುವವರಿಗೆ ಸಿಕ್ಕಿತಂತೆ. ಅಂಗಿಗಳ ಕಾಲರಿನ ಒಳಗೆ ನನ್ನ ಅಂಗಡಿಯ ಚೀಟಿ ಹೊಲಿದಿರುತ್ತೇನಲ್ಲ, ಗಂಟಿನ ಸಂದಿಯಿಂದ ಇಣುಕುತ್ತಿದ್ದ ಒಂದನ್ನು ಓದಿ ಕಚೇರಿಗೆ ಕೊಟ್ಟಿದ್ದಾರೆ. ಕಚೇರಿಯವನು ಮೆಟ್ಟಿಲ ಮೇಲೆ ನಿಂತು, “ಇದು ನಿಮ್ದೇನಾ ನೋಡಿ ಹೇಳ್ಬೇಕಮ್ಮ” ಅಂದ. ನಾನು ಗಂಟನ್ನು ನೋಡಿದೆ. ಕುಳ್ಳ ಯಾವಾಗಲೂ ಒಂದರ ಮೇಲೊಂದು ಎರಡು ಗಂಟು ಹಾಕುತ್ತಿದ್ದ, ಅದೂ ತಿರುಗುಮುರುಗು. ಹಲ್ಲಿನಿಂದ ಬಿಚ್ಚಬೇಕು ಅಂಥ ಗಂಟು. ನಮ್ಮದೇ ಎಂದು ಹೇಳಿ ಬಾಗಿಲು ಹಾಕಿಕೊಂಡೆ.

ಮೂರು ದಿನ ಅದು ಕಟಿಂಗ್ ಮೇಜಿನ ಮೇಲೆ ಇತ್ತು. ನಾನು ನೆಲದ ಮೇಲೆ ಕೂತು ಬಟ್ಟೆ ಕತ್ತರಿಸಿದೆ. ನಾಲ್ಕನೆಯ ದಿನ ಗಂಟನ್ನು ಹಾಗೇ ಬಿಟ್ಟು, ಪಕ್ಕದಿಂದ ಬಟ್ಟೆ ಕತ್ತರಿಸಿ ಅಂಗಿಗಳನ್ನು ತೆಗೆದೆ. ಆ ಗಂಟು ಅವನ ಕೈಯದು, ನಾನು ಬಿಚ್ಚುವುದಿಲ್ಲ.

ಮೂವತ್ತೆರಡೂ ಇವೆ. ಬಿಳಿ ಬಟ್ಟೆ ನದಿಯ ಬಣ್ಣಕ್ಕೆ ತಿರುಗಿದೆ. ಸೋಡಾ ಹಾಕಿದೆ, ನೀಲಿ ಹಾಕಿದೆ, ಬಿಸಿನೀರಿನಲ್ಲಿ ಕುದಿಸಿದೆ. ಹೊಲಿಗೆಯ ಸಂದಿಯಲ್ಲಿ ಸೇರಿದ ಕೆಸರು ಬಿಡುತ್ತಿಲ್ಲ. ಒಂದು ಗುಂಡಿಯೂ ಕಿತ್ತಿಲ್ಲ ನೋಡು. ಅಷ್ಟು ಗಟ್ಟಿ ಹೊಲಿದಿದ್ದೆ. ಅಷ್ಟು ಗಟ್ಟಿ ಹೊಲಿಯುವ ಹಟಕ್ಕೆ ಹೋಗಿಯೇ ತಡವಾದದ್ದು.

ಈ ಮಾತು ದಡದ ಬೆಂಚಿನ ಮೇಲೆ ಒಂಬತ್ತು ದಿನ ನನ್ನ ನಾಲಿಗೆಯ ತುದಿಯಲ್ಲಿತ್ತು. ಅಂಗಿಗಳು ಮಂಗಳವಾರವೇ ಮುಗಿದಿದ್ದವು. ಕಾಲರ್ ಸ್ವಲ್ಪ ಏಳುತ್ತಿದೆ ಅನ್ನಿಸಿತು. ಯಾರ ಕಣ್ಣಿಗೂ ಬೀಳುವಂಥದ್ದಲ್ಲ, ನನ್ನ ಕಣ್ಣಿಗೆ ಬಿತ್ತು. ಹನ್ನೊಂದು ಕಾಲರ್ ಬಿಚ್ಚಿ ಮತ್ತೆ ಹೊಲಿದೆ. ಬುಧವಾರ ಹೊರಡಬೇಕಾದವನು ಗುರುವಾರ ಹೊರಟ. ಬುಧವಾರದ ರೈಲು ಸೇತುವೆ ದಾಟಿ, ಹೋಗುವ ಹೊತ್ತಿಗೆ ಹೋಗಿ ಸೇರಿತು.

ಇದು ನಿನಗೆ ಗೊತ್ತಿತ್ತೇ? ಅದಕ್ಕೇ ನೀನು ಆ ಬೆಂಚಿನ ಮೇಲೆ ನನ್ನ ಕಡೆ ನೋಡಲಿಲ್ಲವೇ?

ಅಮ್ಮ


10 ಸೆಪ್ಟೆಂಬರ್

ಅಮ್ಮಾ,

ನಾನು ನಿನ್ನ ಕಡೆ ನೋಡದೇ ಇದ್ದದ್ದು ಬೇರೆ ಕಾರಣಕ್ಕೆ. ಬರೆಯುತ್ತೇನೆ. ಆಮೇಲೆ ನೀನು ಕಾಗದ ಬರೆಯದಿದ್ದರೂ ನಾನು ಕೇಳುವುದಿಲ್ಲ.

ಅಂಗಿ ಶುಕ್ರವಾರಕ್ಕೆ ಬೇಕು ಎಂದಿದ್ದೆ. ಸುಳ್ಳು. ಕಾರ್ಯಕ್ರಮ ಇದ್ದದ್ದು ಮುಂದಿನ ಬುಧವಾರ. ಸೋಮವಾರ ಬಂದಿದ್ದರೂ ಸಾಕಿತ್ತು. ನೀನು ಯಾವಾಗಲೂ ಎರಡು ದಿನ ತಡ ಮಾಡುತ್ತೀಯ ಎಂದು ಮೂರು ದಿನ ಮುಂಚೆ ಹೇಳಿದೆ. ಗಿರಾಕಿಗಳೆಲ್ಲ ಹಾಗೇ ಮಾಡುತ್ತಾರಲ್ಲ, ಚಿಕ್ಕಂದಿನಿಂದ ನೋಡಿದ್ದೇನೆ. ಗುರುವಾರ ಬೆಳಿಗ್ಗೆ ಕುಳ್ಳ ಫೋನು ಮಾಡಿ, “ಅಕ್ಕಾ, ಸಂಜೆ ಒಳಗೆ ಅಲ್ಲಿರ್ತೀನಿ, ನಿನ್ನ ಶುಕ್ರವಾರಕ್ಕೆ ಮುಂಚೇನೇ” ಅಂದ. ಆಗಲಾದರೂ ಹೇಳಬಹುದಿತ್ತು, ಅವಸರ ಇಲ್ಲ ಕಣೋ, ಭಾನುವಾರ ಬಾ ಅಂತ. ನಾಚಿಕೆಯಾಯಿತು. ಸರಿ ಬಾ ಅಂದೆ.

ಅಷ್ಟೇ. ಇದನ್ನು ಆರು ತಿಂಗಳಿಂದ ಯಾರಿಗೂ ಹೇಳಿಲ್ಲ.

ಮಗಳು


30 ಅಕ್ಟೋಬರ್

ಮಗಳೇ,

ಉತ್ತರ ತಡವಾಯಿತು. ಸಿಟ್ಟಿನಿಂದಲ್ಲ. ಏಳು ಸಲ ಕೂತೆ, ಏಳು ಸಲ ಎದ್ದೆ.

ನಿನ್ನ ಶುಕ್ರವಾರ ಸುಳ್ಳು ಎಂದು ನನಗೆ ಗೊತ್ತಿತ್ತು. ಮೂವತ್ತೆರಡು ವರ್ಷದಿಂದ ಮಿಷನ್ ತುಳಿಯುತ್ತಿದ್ದೇನೆ, ಗಿರಾಕಿ ಹೇಳುವ ಶುಕ್ರವಾರ ಯಾವ ದಿನ ಬರುತ್ತದೆ ಎಂದು ನನಗೆ ತಿಳಿಯದೇ? ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ಗಿರಾಕಿಯ ಬುದ್ಧಿ ತೋರಿಸುತ್ತಾಳಲ್ಲ ಎಂದು ನಕ್ಕಿದ್ದೆ.

ಕುಳ್ಳನಿಗೂ ಹೇಳಬಹುದಿತ್ತು. ಬಾಗಿಲಲ್ಲಿ ಕೂತು ಬೂಟು ಕಟ್ಟಿಕೊಳ್ಳುತ್ತಿದ್ದ. ‘ಅವಳು ಸುಮ್ಮನೆ ಹೇಳಿದಾಳೆ, ಭಾನುವಾರ ಹೋಗು’ ಎಂದು ಬಾಯಿಯವರೆಗೂ ಬಂತು. ನುಂಗಿಕೊಂಡೆ. ಯಾಕೆ ಗೊತ್ತೇ? ಒಂದು ಸಲವಾದರೂ ನೀನು, ‘ಅಮ್ಮ ಹೇಳಿದ ದಿನಕ್ಕೆ ಕೊಟ್ಟಳು’ ಎನ್ನಲಿ ಎಂದು. ಅಷ್ಟು ಸಣ್ಣ ಆಸೆ.

ನೀನು ನಾಚಿಕೆಗೆ ಸುಮ್ಮನಿದ್ದೆ, ನಾನು ಜಂಬಕ್ಕೆ ಸುಮ್ಮನಿದ್ದೆ. ಯಾರ ತಪ್ಪು ಎಷ್ಟು ಎಂದು ಅಳೆಯುವುದಕ್ಕೆ ನನ್ನ ಟೇಪಿನಿಂದ ಆಗುವುದಿಲ್ಲ. ಸೇತುವೆ ಬೀಳಿಸಿದ್ದು ನಾವಲ್ಲ, ಅಷ್ಟು ಗೊತ್ತಿದೆ. ಗೊತ್ತಿದ್ದೂ ಎದೆಯ ಮೇಲಿನ ಭಾರ ಇಳಿಯುವುದಿಲ್ಲ.

ಈ ಮನೆಯಲ್ಲಿ ಈಗ ಎಷ್ಟು ಸದ್ದಿಲ್ಲ ಎಂದರೆ, ಸೂಜಿ ಬಿದ್ದ ಕಡೆ ಕೇಳಿ ಹುಡುಕಿ ತೆಗೆಯುತ್ತೇನೆ.

ಅಮ್ಮ


12 ಜನವರಿ

ಅಮ್ಮಾ,

ಮಾರ್ಚ್ ಹದಿನಾಲ್ಕಕ್ಕೆ ವರ್ಷ. ನದಿಯ ದಡದಲ್ಲಿ, ಮುರಿದ ಸೇತುವೆಯ ಈ ಬದಿಯಲ್ಲಿ ಎಲ್ಲರೂ ಸೇರುತ್ತಾರೆ. ಭಾಷಣ ಬೇಡವೆಂದು ಮನೆಯವರೆಲ್ಲ ಸೇರಿ ಮಂತ್ರಿಗಳಿಗೆ ಬರೆದು ಒಪ್ಪಿಸಿದ್ದಾರೆ. ಹಾಡು ಮಾತ್ರ. ನನ್ನ ಮಕ್ಕಳು ಮುಂದೆ ನಿಂತು ಹಾಡಬೇಕು. ಮೂರು ಸಲ. ಆ ಜಾಗ ಬಂದಾಗ ಎಲ್ಲರೂ ತಮ್ಮತಮ್ಮವರ ಹೆಸರು ಹೇಳುತ್ತಾರೆ. ಗಡಿಯಾರದವರಿಂದ ಶುರುವಾದದ್ದು ಈಗ ಊರೂರಿಗೆ ಹಬ್ಬಿದೆ. ಯಾರನ್ನೂ ಕಳೆದುಕೊಳ್ಳದವರು ಬಾಯಿ ಮುಚ್ಚಿಕೊಂಡು ನಿಲ್ಲುತ್ತಾರೆ, ಹೆಸರುಗಳು ಕೇಳಿಸಲಿ ಎಂದು.

ಕಲ್ಲಿನ ಕೆಲಸವೂ ಮುಗಿಯುತ್ತಾ ಬಂದಿದೆ. ಸಿಗದವರ ಪೈಕಿ ಮೂವತ್ತು ಮನೆಯವರು ಸಹಿ ಹಾಕಿದ್ದಾರಂತೆ. ನಾನು ನಿನ್ನನ್ನು ಸಹಿ ಹಾಕು ಎನ್ನುವುದಿಲ್ಲ.

ಒಂದನ್ನು ಮಾತ್ರ ಕೇಳುತ್ತೇನೆ. ಆ ಜಾಗದಲ್ಲಿ ನಾನು ಇವತ್ತಿನವರೆಗೆ ಏನೂ ಹೇಳಿಲ್ಲ. ನೀನು ಒಪ್ಪದೆ ಅವನ ಹೆಸರನ್ನು ಅವರ ಜೊತೆ ಸೇರಿಸಲು ನನಗೆ ಧೈರ್ಯವಿಲ್ಲ. ಎಲ್ಲರೂ ಹೆಸರು ಹೇಳುವಾಗ, ಆ ಹಾಡು ಹೇಳಿಕೊಟ್ಟ ನಾನೊಬ್ಬಳು ತಾಳ ತೋರಿಸುವ ಕೈ ಮೇಲೆತ್ತಿಕೊಂಡು ಸುಮ್ಮನೆ ನಿಂತಿರುತ್ತೇನೆ. ಆಮೇಲೆ ಕೋಣೆಗೆ ಬಂದು ಅವನ ಹಳೆಯ ಮೆಸೇಜುಗಳನ್ನು ಓದುತ್ತೇನೆ. ‘ಅಕ್ಕ ಊಟ ಆಯ್ತಾ’, ‘ಅಕ್ಕ ನೂರು ಕಳ್ಸು’, ‘ಅಕ್ಕ’.

ನೀನು ಬರುತ್ತೀಯಾ? ಇಲ್ಲವೆಂದರೂ ಸರಿ. ಹೇಳಲೋ ಬೇಡವೋ, ಅಷ್ಟು ತಿಳಿಸು.

ಮಗಳು


25 ಜನವರಿ

ಮಗಳೇ,

ಮಕ್ಕಳ ಅಳತೆ ಕಳಿಸು. ಎದೆ, ಭುಜ, ತೋಳು, ಉದ್ದ. ಎಲ್ಲ ಇಂಚಿನಲ್ಲಿ. ಹಳೆಯ ಅಳತೆ ನನ್ನ ಹತ್ತಿರ ಇದೆ, ಎಷ್ಟು ಬೆಳೆದಿದ್ದಾರೆ ತಿಳಿಯಬೇಕು. ಮಕ್ಕಳ ಅಂಗಿ ಎಂದು ಆ ಮೂವತ್ತೆರಡಕ್ಕೂ ಒಳಗೆ ಎರಡು ಇಂಚು ಬಟ್ಟೆ ಬಿಟ್ಟೇ ಹೊಲಿದಿದ್ದೆ.

ಟೇಪನ್ನು ಎಳೆದು ಹಿಡಿಯಬೇಡ.

ಅಮ್ಮ


8 ಫೆಬ್ರವರಿ

ಅಮ್ಮಾ,

ಅಳತೆಯ ಪಟ್ಟಿ ಇದರ ಜೊತೆಗಿದೆ. ಎರಡು ದಿನ ಹಿಡಿಯಿತು. ತೋಳಿನ ಅಳತೆ ತೆಗೆಯುವಾಗ ಅರ್ಧ ಮಕ್ಕಳು ಕಚಗುಳಿ ಎಂದು ಓಡಿಹೋದರು. ಮೊದಲ ಸಾಲಿನಲ್ಲಿದ್ದ ಅವಳಿ ಹುಡುಗರಲ್ಲಿ ಒಬ್ಬ ಇನ್ನೊಬ್ಬನಿಗಿಂತ ಒಂದಿಂಚು ಎತ್ತರವಾಗಿದ್ದಾನೆ, ಇಬ್ಬರಿಗೂ ಮಾತು ಬಿಟ್ಟುಹೋಗಿದೆ. ಒಬ್ಬ ಹುಡುಗಿ ಬೇರೆ ಊರಿಗೆ ಹೋದಳು. ಅವಳ ಜಾಗಕ್ಕೆ ಬಂದವಳು ಸಣ್ಣಗಿದ್ದಾಳೆ, ಅವಳಿಗೆ ಬಿಚ್ಚುವುದು ಬೇಡ, ಹಿಡಿದು ಚಿಕ್ಕದು ಮಾಡಬೇಕು.

ಅಂಗಿ ಬೇಕಾದದ್ದು ಮಾರ್ಚ್ ಹದಿನಾಲ್ಕು, ಶುಕ್ರವಾರ. ಈ ಸಲ ನಿಜವಾದ ಶುಕ್ರವಾರ.

ನಾನು ಕೇಳಿದ್ದಕ್ಕೆ ನೀನು ಉತ್ತರ ಬರೆಯಲಿಲ್ಲ. ಮತ್ತೆ ಕೇಳುವುದಿಲ್ಲ.

ಮಗಳು


16 ಮಾರ್ಚ್

ಮಗಳೇ,

ಅಂಗಿಗಳು ಬುಧವಾರವೇ ನಿನ್ನ ಕೈ ಸೇರಿದವು ಎಂದು ಪಾರ್ಸೆಲ್ ಆಫೀಸಿನವರು ಹೇಳಿದರು. ಎರಡು ದಿನ ಮುಂಚೆ. ಇದನ್ನು ಎಲ್ಲಾದರೂ ಬರೆದಿಟ್ಟುಕೋ.

ಎರಡನೆಯ ಸಾಲಿನಲ್ಲಿ ಎಡದಿಂದ ಮೂರನೆಯ ಹುಡುಗಿಯ ತೋಳು ಅರ್ಧ ಇಂಚು ಗಿಡ್ಡವಾಗಿತ್ತು. ಟೇಪು ಎಳೆದು ಹಿಡಿಯಬೇಡ ಎಂದಿದ್ದೆ.

ಹೌದು, ನಾನು ಬಂದಿದ್ದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ನಿನಗೆ ಹೇಳಲಿಲ್ಲ, ಯಾಕೆಂದರೆ ದಡದವರೆಗೆ ಬಂದು ವಾಪಸು ಓಡಿಹೋಗುತ್ತೇನೋ ಏನೋ ನನಗೇ ಗೊತ್ತಿರಲಿಲ್ಲ. ಆ ಬೆಂಚು ಅಲ್ಲೇ ಇದೆ. ಯಾರೋ ಬಣ್ಣ ಹೊಡೆಸಿದ್ದಾರೆ. ಅದರ ಮೇಲೆ ಕೂರಲಿಲ್ಲ. ಹಿಂದೆ ಹೋಗಿ, ನೀರಿನ ಟ್ಯಾಂಕರಿನ ಪಕ್ಕ ಜನರ ನಡುವೆ ನಿಂತೆ. ನೀನು ಮಕ್ಕಳ ಕಡೆ ಮುಖ ಮಾಡಿ, ನಮ್ಮೆಲ್ಲರಿಗೂ ಬೆನ್ನು ಕೊಟ್ಟು ನಿಂತಿದ್ದೆ. ತೆಳ್ಳಗಾಗಿದ್ದೀಯ. ಜಾಕೆಟ್ಟು ಭುಜದ ಹತ್ತಿರ ಜೋತುಬಿದ್ದಿದೆ.

ನನ್ನ ಪಕ್ಕದಲ್ಲಿ ಒಬ್ಬರು ವಯಸ್ಸಾದವರು. ಜೇಬಿನಲ್ಲಿ ಭೂತಗನ್ನಡಿ ನೋಡಿ ಯಾರೆಂದು ಗೊತ್ತಾಯಿತು. ಅವರಿಗೆ ನಾನು ಯಾರೆಂದು ಗೊತ್ತಾಗಲಿಲ್ಲ.

“ನಿಮ್ಮವರು ಯಾರಮ್ಮಾ?” ಅಂದರು.

“ಮಗ. ಸಿಕ್ಕಿಲ್ಲ” ಅಂದೆ.

“ನಮ್ಮೋಳು ಸಿಕ್ಳು. ಸಿಕ್ಕಿದ್ಮೇಲೂ ನಾನು ದಿನಾ ಕರೀತೀನಿ. ಸಿಗದೇ ಇದ್ರೆ ಕರೀಬಾರ್ದು ಅಂತ ಏನಿಲ್ವಲ್ಲ” ಅಂದರು.

ಮಕ್ಕಳು ಹಾಡು ತೆಗೆದರು. ಆ ಅಂಗಿಗಳ ಬಣ್ಣ ನದಿಯ ಬಣ್ಣಕ್ಕೆ ಹೊಂದಿಕೊಂಡಿತ್ತು, ಮುಖ ಮತ್ತು ಕೈಗಳು ಮಾತ್ರ ಬೇರೆಯಾಗಿ ಕಾಣುತ್ತಿದ್ದವು. ನಾನು ಹಾಡಲಿಲ್ಲ. ಮೂರನೆಯ ಸಾಲು ಮುಗಿಯಿತು. ಒಂದೇ ಸಲಕ್ಕೆ ಸಾವಿರಾರು ಜನ ಹೆಸರು ಹೇಳಿದರು. ಒಂದು ಹೆಸರೂ ಬಿಡಿಯಾಗಿ ಕೇಳಲಿಲ್ಲ. ಸಂಜೆ ಹೊತ್ತು ಬೀದಿಯ ಎಲ್ಲ ತಾಯಂದಿರೂ ಕಿಟಕಿಗೆ ಬಂದು ಮಕ್ಕಳನ್ನು ಕೂಗಿದ ಹಾಗಿತ್ತು. ಇಷ್ಟು ದಿನ ಅದನ್ನು ಸತ್ತವರ ಹಾಡು ಮಾಡಿದಿರಿ ಎಂದು ನಿನ್ನ ಮೇಲೆ ಉರಿದುಬಿದ್ದೆ. ಅಲ್ಲಿ ಯಾರೂ ಅಳುವ ಹಾಡು ಹೇಳುತ್ತಿರಲಿಲ್ಲ, ಮಗಳೇ. ಎಲ್ಲರೂ ಕರೆಯುತ್ತಿದ್ದರು. ನಾನು ಕರೆದ ಹಾಗೆಯೇ.

ನಿನ್ನ ಕೈ ಮಾತ್ರ ಗಾಳಿಯಲ್ಲಿ ನಿಂತಿತ್ತು. ತಲೆ ತಗ್ಗಿಸಿದ್ದೆ. ಒಂದು ವರ್ಷ ನಿನ್ನ ಬಾಯಿಗೆ ಬೀಗ ಹಾಕಿದ್ದು ನಾನು.

ಎರಡನೆಯ ಸಲ ಹೇಳಲು ಹೋದೆ. ಆ ಜಾಗ ಬಂದ ಕೂಡಲೇ ಹಲ್ಲು ತಾನಾಗಿ ಕಚ್ಚಿಕೊಂಡಿತು. ಮೂವತ್ತೆರಡು ವರ್ಷದ ಅಭ್ಯಾಸ, ಇಲ್ಲದ ದಾರ ಕಡಿಯಿತು.

ಮೂರನೆಯ ಸಲ ಹೇಳಿದೆ. ‘ಕುಳ್ಳ’ ಎನ್ನಲಿಲ್ಲ, ಅಷ್ಟು ಜನರ ಮುಂದೆ ಅವನ ಮಾನ ಹೋಗುತ್ತದೆ. ಶಾಲೆಯ ರಿಜಿಸ್ಟರಿನಲ್ಲಿ ಬರೆಸಿದ ಪೂರ್ತಿ ಹೆಸರು ಹೇಳಿದೆ. ಅದನ್ನು ನಾನು ಎಷ್ಟು ವರ್ಷದ ಮೇಲೆ ಹೇಳಿದೆನೋ, ಬೇರೆ ಯಾರನ್ನೋ ಕರೆದ ಹಾಗೆ ಅನ್ನಿಸಿತು. ಆಮೇಲೆ ಅವನನ್ನೇ ಕರೆದ ಹಾಗೆ ಅನ್ನಿಸಿತು. ಓಡಿ ಬರಲಿಲ್ಲ. ಬರುವುದಿಲ್ಲ ಎಂದು ಆಗ ಗೊತ್ತಾಯಿತು. ವರ್ಷದಿಂದ ಗೊತ್ತಿದ್ದದ್ದು ಆಗ ಗೊತ್ತಾಯಿತು. ಗಡಿಯಾರದವರು ನನ್ನ ಮೊಣಕೈ ಹಿಡಿದುಕೊಂಡರು.

ನಿನ್ನ ಹತ್ತಿರ ಬರದೇ ಬಸ್ಸು ಹತ್ತಿದ್ದಕ್ಕೆ ಸಿಟ್ಟು ಮಾಡಬೇಡ. ನಿನ್ನ ಮುಖ ನೋಡಿದ್ದರೆ ಅಲ್ಲೇ ಕುಸಿಯುತ್ತಿದ್ದೆ, ಆ ದಿನ ನಿನಗೆ ನೂರು ಕೆಲಸವಿತ್ತು. ದಾರಿಯುದ್ದಕ್ಕೂ ನಿನ್ನ ಬೆನ್ನು ಕಣ್ಣ ಮುಂದೆ ಇತ್ತು.

ಪರಿಹಾರ ಕಚೇರಿಗೆ ಹೋಗಿ ಇನ್ನೊಂದು ನಮೂನೆ ಕೇಳಿದೆ. “ಮೊದಲನೇದು ಏನಾಯ್ತಮ್ಮಾ?” ಅಂದ ಕಚೇರಿಯವನು. “ಕಾಲರ್ ಆಯ್ತು” ಅಂದೆ. ಸಹಿ ಹಾಕಿ ಕೊಟ್ಟಿದ್ದೇನೆ. ಹೆಸರು ಕೆತ್ತುವವರಿಗೆ ಅಕ್ಷರ ತಪ್ಪದಂತೆ ದಪ್ಪಗೆ ಬರೆದಿದ್ದೇನೆ. ಇನ್ನು ಮೇಲೆ ಆ ಜಾಗದಲ್ಲಿ ನೀನೂ ಹೇಳು. ಗಟ್ಟಿಯಾಗಿ ಹೇಳು.

ಫೋನು ಗುಂಡಿ ಡಬ್ಬಿಯಲ್ಲೇ ಇರಲಿ, ನೀನು ಕಾಗದ ಬರೆ. ರಜೆ ಸಿಕ್ಕಾಗ ಬಾ, ಆ ಜಾಕೆಟ್ಟಿನ ಭುಜ ಹಿಡಿಯಬೇಕು. ಬರುವ ದಿನ ಮಾತ್ರ ಸರಿಯಾಗಿ ಹೇಳು.

ನಿನ್ನೆಯಿಂದ ಮಿಷನ್ ಮುಂದೆ ಮತ್ತೆ ಹಾಡುತ್ತಿದ್ದೇನೆ. ಕೆಳಗೆ ಅಂಗಡಿಯವನು ರೇಡಿಯೋ ಸಣ್ಣದು ಮಾಡುತ್ತಾನೆ, ನನಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದಾನೆ. ಒಂದು ಸಣ್ಣ ಕತ್ತರಿ ಕೊಂಡು ಮಿಷನ್ನಿಗೆ ಕಟ್ಟಿದ್ದೇನೆ. ದಾರವನ್ನು ಬಾಯಲ್ಲಿ ಕಡಿಯುವುದು ಬಿಟ್ಟೆ. ಆ ಜಾಗದಲ್ಲಿ ಈಗ ಬಾಯಿಗೆ ಬೇರೆ ಕೆಲಸ ಇದೆ.

ನಿನ್ನ ಅಮ್ಮ